ಮೆನ್ಮಾಳ ಆಸೆ ಏನಾಗಿತ್ತು?

‘ಅನೊಹನ’ ಎಂಬ ಅನಿಮೆ (ಜಪಾನಿ ಅನಿಮೇಷನ್) ಧಾರಾವಾಹಿಯನ್ನು ನೋಡಲು ಹೇಳುವವರು ಅದರ ಕಥೆಗಿಂತ ಮೊದಲು ಅದು ಎಷ್ಟು ಅಳಿಸುತ್ತದೆ ಎಂಬುದನ್ನೇ ಹೇಳುತ್ತಾರೆ. 2011ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನಿನ ಫುಜಿ ಟಿವಿಯಲ್ಲಿ ತಡರಾತ್ರಿ ಪ್ರಸಾರವಾದ, ಬರೇ 11 ಕಂತುಗಳ ಈ ಕೃತಿಯನ್ನು ಎಲ್ಲರೂ ಕಣ್ಣೀರಿನ ಲೆಕ್ಕದಲ್ಲಿಯೇ ಅಳೆಯುತ್ತಾರೆ. ನಾನೂ ಅತ್ತಿದ್ದೇನೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ಈಚೆಗೆ ಇನ್ನೊಮ್ಮೆ ನೋಡುತ್ತಿದ್ದಾಗ, ಅಳಿಸುವ ಆ ಶಕ್ತಿಯೇ ಕೃತಿಯ ಒಂದು ದೊಡ್ಡ ಕೊರತೆಯನ್ನು ನಮ್ಮಿಂದ ಮರೆಮಾಡುತ್ತಿದೆ ಎಂದು ಅನ್ನಿಸಿತು. ಬದುಕಿ ಉಳಿದ ಐವರು ಗೆಳೆಯರ ದುಃಖವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬಿಡಿಸಿ ತೋರಿಸುವ ಕಥೆ, ಸತ್ತುಹೋದ ಹುಡುಗಿ ಮೆನ್ಮಾಳ ಸ್ವಂತ ಆಸೆಯ ಬಳಿಗೆ ಬಂದಾಗ ಮಾತ್ರ ಕಣ್ಣು ತಪ್ಪಿಸುತ್ತದೆ. ಆ ಮಾತನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ. ಅದಕ್ಕಾಗಿ ಕಥೆಯ ಕೊನೆಯನ್ನೂ ಬಿಚ್ಚಿಡಬೇಕಾಗುತ್ತದೆ. ನೋಡದವರು ನೋಡಿ ಬಂದು ಓದಬಹುದು.

ಕಥೆ ನಡೆಯುವುದು ಟೋಕಿಯೊದ ವಾಯವ್ಯಕ್ಕಿರುವ ಸೈತಾಮಾ ಪ್ರಾಂತ್ಯದ, ಬೆಟ್ಟಗಳ ನಡುವಿನ ಚಿಚಿಬು ಎಂಬ ಊರಿನಲ್ಲಿ. ಆರು ಮಂದಿ ಮಕ್ಕಳು ಗುಡ್ಡದ ಮೇಲಿನ ಒಂದು ಹಳೆಯ ಗುಡಿಸಲನ್ನು ತಮ್ಮ ಗುಟ್ಟಿನ ಅಡ್ಡೆಯಾಗಿ ಮಾಡಿಕೊಂಡು, ತಮಗೆ ತಾವೇ ‘ಸೂಪರ್ ಪೀಸ್ ಬಸ್ಟರ್ಸ್’ ಎಂಬ ಹೆಸರಿಟ್ಟುಕೊಂಡು ಬೆಳೆಯುತ್ತಾರೆ. ಒಂದು ದಿನ ಅನಾರು ಎಂಬ ಹುಡುಗಿ ಎಲ್ಲರ ಎದುರಿನಲ್ಲಿ ಗುಂಪಿನ ನಾಯಕ ಜಿಂತಾನನ್ನು, ಅವನಿಗೆ ಮೆನ್ಮಾ ಎಂದರೆ ಇಷ್ಟವಲ್ಲವೇ ಎಂದು ಕೇಳಿಬಿಡುತ್ತಾಳೆ. ನಾಚಿಕೆಯಿಂದ ಕಂಗೆಟ್ಟ ಅವನು, ಇಂಥ ಕುರೂಪಿಯನ್ನು ಯಾರು ಇಷ್ಟಪಡುತ್ತಾರೆ ಎಂದು ಹೇಳಿ ಓಡಿಹೋಗುತ್ತಾನೆ. ಮೆನ್ಮಾ ಸುಮ್ಮನೆ ನಗುತ್ತಾಳೆ. ಅದೇ ದಿನ ಅವಳು ನೀರಿಗೆ ಬಿದ್ದು ಸಾಯುತ್ತಾಳೆ. ನಾಳೆ ಕ್ಷಮೆ ಕೇಳಿದರಾಯಿತು ಎಂದುಕೊಂಡಿದ್ದ ಹುಡುಗನಿಗೆ ಆ ನಾಳೆ ದಕ್ಕುವುದಿಲ್ಲ. ವರ್ಷಗಳು ಕಳೆದು, ಹೈಸ್ಕೂಲಿಗೆ ಹೆಸರು ದಾಖಲಾಗಿದ್ದರೂ ಹೋಗದೆ ಮನೆಯಲ್ಲಿ ಗೇಮ್ ಆಡುತ್ತ ಕುಳಿತಿರುವ ಜಿಂತಾನ ಮುಂದೆ ಮೆನ್ಮಾ ಬಂದು ನಿಲ್ಲುತ್ತಾಳೆ. ಅವಳ ಮೈ ಬೆಳೆದಿದೆ, ಮಾತು ಮಾತ್ರ ಇನ್ನೂ ಮಗುವಿನದೇ. ಅವಳು ಕಾಣುವುದು ಅವನೊಬ್ಬನಿಗೆ. ತನ್ನದೊಂದು ಆಸೆ ಉಳಿದಿದೆ, ಅದನ್ನು ಎಲ್ಲರೂ ಸೇರಿ ನೆರವೇರಿಸಬೇಕು ಎನ್ನುತ್ತಾಳೆ. ಆದರೆ ಆ ಆಸೆ ಯಾವುದು ಎಂಬುದು ಅವಳಿಗೇ ನೆನಪಿಲ್ಲ.

ಚಿಚಿಬು ಈ ಧಾರಾವಾಹಿಯನ್ನು ಬರೆದ ಮಾರಿ ಒಕಾದಾ ಅವರ ಸ್ವಂತ ಊರು. ಬಾಲ್ಯದಲ್ಲಿ ಶಾಲೆಗೆ ಹೋಗಲಾರದೆ ವರ್ಷಗಟ್ಟಲೆ ಮನೆಯೊಳಗೇ ಉಳಿದಿದ್ದುದನ್ನು ಅವರು 2017ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ಜಿಂತಾ ಟೋಪಿ ಕೆಳಗೆಳೆದುಕೊಂಡು, ಪರಿಚಯದವರ ಕಣ್ಣು ತಪ್ಪಿಸಿ ಬೀದಿಯಲ್ಲಿ ನಡೆಯುವ ದೃಶ್ಯಗಳಲ್ಲಿ ಆ ಅನುಭವದ ಗುರುತಿದೆ. ನಿರ್ದೇಶಕ ತತ್ಸುಯುಕಿ ನಾಗಾಯಿ ಅವರೂ ಪಾತ್ರಗಳ ರೂಪ ಬರೆದ ಮಸಯೋಶಿ ತನಾಕಾ ಅವರೂ ಆ ಊರನ್ನು ಚೆಂದಗಾಣಿಸಲು ಹೋಗಿಲ್ಲ. ಸಿಮೆಂಟಿಗಾಗಿ ಸುಣ್ಣದ ಕಲ್ಲು ಕಡಿದು ಕಡಿದು ಮೆಟ್ಟಿಲು ಮೆಟ್ಟಿಲಾಗಿರುವ ಬುಕೊ ಬೆಟ್ಟ ಊರಿನ ಹಿಂದೆ ಇದ್ದ ಹಾಗೆಯೇ ನಿಂತಿದೆ. ಮುರಕಲ್ಲಿನ ಕೋರೆಗಳ ನಡುವೆ ಬೆಳೆದ ಕಾಸರಗೋಡಿನವನಾದ ನನಗೆ ಬೇರೆ ಯಾವ ಅನಿಮೆಯ ಹಳ್ಳಿಯೂ ಇಷ್ಟು ನಂಬಿಕೆ ಹುಟ್ಟಿಸಿಲ್ಲ.

ಗೆಳೆತನ ಒಡೆದ ಬಗೆಯನ್ನೂ ಒಕಾದಾ ಸರಿಯಾಗಿ ಬಲ್ಲವರು. ಸಾವೊಂದೇ ಅವರನ್ನು ದೂರ ಮಾಡಿದ್ದಲ್ಲ. ಗುಂಪಿನ ಯುಕಿಅತ್ಸು ಎಂಬ ಹುಡುಗನೂ ತ್ಸುರುಕೊ ಎಂಬ ಹುಡುಗಿಯೂ ಹೆಸರುವಾಸಿ ಶಾಲೆಗೆ ಸೇರಿದ್ದಾರೆ. ಜಿಂತಾ ಮತ್ತು ಅನಾರು ಪ್ರವೇಶ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಹೋಗುವ ಶಾಲೆಯಲ್ಲಿದ್ದಾರೆ. ಉಳಿದೊಬ್ಬ ಪೊಪ್ಪೊ ಓದನ್ನೇ ಬಿಟ್ಟು ದೇಶ ಸುತ್ತುತ್ತ, ಅದೇ ಹಳೆಯ ಗುಡಿಸಲಿನಲ್ಲಿ ಬೀಡುಬಿಟ್ಟಿದ್ದಾನೆ. ರೈಲು ನಿಲ್ದಾಣದಲ್ಲಿ ಸಮವಸ್ತ್ರಗಳ ಬಣ್ಣ ನೋಡಿಯೇ ಅವರು ಪರಸ್ಪರ ಮುಖ ತಿರುಗಿಸುತ್ತಾರೆ. ನಮ್ಮಲ್ಲಿ ಏಳನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕನ್ನಡ ಓದಿದವರು ಹತ್ತು ಮುಗಿಯುವ ಹೊತ್ತಿಗೆ ಒಬ್ಬ ಪ್ಲಸ್ ಟುವಿಗೆ ಊರಲ್ಲೇ ಉಳಿದು, ಒಬ್ಬ ಪಿಯುಸಿಗೆ ಮಂಗಳೂರಿನ ಬಸ್ಸು ಹತ್ತಿ, ಇನ್ನೊಬ್ಬ ಅಣ್ಣನ ಹಿಂದೆ ಗಲ್ಫಿಗೆ ಹೋಗಿ, ಕೊನೆಗೆ ಮದುವೆಮನೆಯ ಪಂಕ್ತಿಯಲ್ಲಿ ಎದುರುಬದುರು ಕುಳಿತಾಗ ಮಾತು ಸಿಗದೆ ಹೋಗುವುದಿದೆ. ದುಃಖವೂ ಇಂಥ ಸಾಧಾರಣ ದೂರಗಳೂ ಒಂದರೊಳಗೊಂದು ಸೇರಿಕೊಂಡಾಗ ಯಾವುದು ಯಾವುದಕ್ಕೆ ನೆಪವಾಯಿತೆಂದು ಹೇಳುವುದು ಕಷ್ಟ. ಮೊದಲ ಕೆಲವು ಕಂತುಗಳು ಈ ಕಷ್ಟವನ್ನು ಗೋಜಲಾಗಿಯೇ ಉಳಿಸಿಕೊಂಡದ್ದು ನನಗೆ ತುಂಬ ಮೆಚ್ಚುಗೆಯಾಯಿತು.

ಧಾರಾವಾಹಿಯ ಅತ್ಯಂತ ಧೈರ್ಯದ ಪಾತ್ರ ಯುಕಿಅತ್ಸು. ಓದಿನಲ್ಲಿ ಮುಂದು, ನೋಡಲು ಚೆಲುವ, ಮಾತಿನಲ್ಲಿ ತಣ್ಣಗಿನ ವಿಷ. ಜಿಂತಾನಿಗೆ ಮೆನ್ಮಾ ಕಾಣುತ್ತಾಳೆಂದು ಕೇಳಿದಾಗ ಅತಿ ಹೆಚ್ಚು ಹಂಗಿಸಿದವನು ಅವನೇ. ಅದೇ ಹುಡುಗ ಮೆನ್ಮಾಳಂಥ ಬಿಳಿಯ ಅಂಗಿ ತೊಟ್ಟು, ಅವಳ ಕೂದಲಿನಂಥ ವಿಗ್ ಹಾಕಿಕೊಂಡು ರಾತ್ರಿ ಕಾಡಿನಲ್ಲಿ ಓಡಾಡುತ್ತಿದ್ದ ಎಂಬುದು ಹೊರಬೀಳುತ್ತದೆ. ಈ ದೃಶ್ಯವನ್ನು ನೋಡಿ ನಗುವವರನ್ನು ನಾನು ಕಂಡಿದ್ದೇನೆ. ಧಾರಾವಾಹಿಯೂ ಒಂದು ಕ್ಷಣ ನಗುವಿಗೆ ಎಡೆಕೊಡುತ್ತದೆ. ಆದರೆ ಅವನ ಕೂಗಿನ ಹಿಂದಿರುವ ತರ್ಕ ನಗುವಂಥದ್ದಲ್ಲ. ಅವಳು ನಿಜವಾಗಿಯೂ ಬರುವುದಾದರೆ ತನ್ನ ಬಳಿಗೆ ಏಕೆ ಬರಲಿಲ್ಲ ಎಂಬುದು ಅವನ ಪ್ರಶ್ನೆ. ಅವಳು ಸತ್ತ ದಿನ ಅವನೂ ಅವಳಿಗೆ ತನ್ನ ಪ್ರೀತಿಯನ್ನು ತಿಳಿಸಿದ್ದ. ಅವಳ ಸಾವಿಗೆ ತಾನೂ ಕಾರಣ ಎಂಬ ಭಾರ ತನಗೂ ಸೇರಬೇಕೆಂದು ಅವನು ಹಟ ಹಿಡಿದಿದ್ದಾನೆ. ಅಪರಾಧಭಾವವನ್ನು ಕೂಡ ಇನ್ನೊಬ್ಬನಿಗೆ ಬಿಟ್ಟುಕೊಡಲಾರದ ಸ್ವಾಮ್ಯಬುದ್ಧಿ ದುಃಖದಲ್ಲಿ ಇರುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಕೃತಿಗಳು ಕಡಿಮೆ.

ಆ ಸ್ವಾಮ್ಯಬುದ್ಧಿಯ ಲೆಕ್ಕ ಚುಕ್ತಾ ಆಗುವುದು ಕೊನೆಯ ಕಂತಿನಲ್ಲಿ, ರಾತ್ರಿ ದೇಗುಲದ ಅಂಗಳದಲ್ಲಿ. ಅಲ್ಲಿಗೆ ಬರುವ ಹೊತ್ತಿಗೆ ಮೆನ್ಮಾಳ ಆಸೆ ಇದೇ ಇರಬೇಕೆಂದು ಊಹಿಸಿ ಅವರೆಲ್ಲ ಒಂದು ಬಾಣಬಿರುಸನ್ನು ಹಾರಿಸಿ ಆಗಿದೆ, ಅವಳು ಮಾತ್ರ ಹೋಗಿಲ್ಲ. ಏಕೆ ಹೋಗಲಿಲ್ಲ ಎಂಬ ಪ್ರಶ್ನೆಗೆ ಒಬ್ಬೊಬ್ಬರೂ ತಮ್ಮ ಒಳಗನ್ನು ತೆರೆಯುತ್ತಾರೆ. ಜಿಂತಾ ತನ್ನತ್ತ ತಿರುಗಲಿ ಎಂಬುದಕ್ಕಾಗಿಯೇ ಅನಾರು ಮೆನ್ಮಾಳನ್ನು ಕಳಿಸಿಕೊಡಲು ಹೊರಟಿದ್ದಳು. ಜಿಂತಾನೊಬ್ಬನಿಗೆ ಮಾತ್ರ ಅವಳು ಕಾಣುವುದನ್ನು ಯುಕಿಅತ್ಸುವಿಗೆ ಸಹಿಸಲು ಆಗುತ್ತಿರಲಿಲ್ಲ. ತ್ಸುರುಕೊಳ ಮನಸ್ಸಿನಲ್ಲಿ ಯುಕಿಅತ್ಸು ಇದ್ದ. ಸದಾ ನಗಿಸುತ್ತಿದ್ದ ಪೊಪ್ಪೊ, ಮೆನ್ಮಾ ನೀರಿನಲ್ಲಿ ಹೋಗುವುದನ್ನು ತಾನು ಕಣ್ಣಾರೆ ಕಂಡು ಏನೂ ಮಾಡಲಾರದೆ ನಿಂತಿದ್ದನ್ನು ಹೇಳುತ್ತಾನೆ. ಮೆನ್ಮಾಳ ನೆಮ್ಮದಿಗಾಗಿ ಎಂದು ಹೇಳಿಕೊಂಡು ಮಾಡಿದ್ದರ ಅಡಿಯಲ್ಲೆಲ್ಲ ತಮ್ಮ ತಮ್ಮ ಕೆಲಸವೇ ಇತ್ತು ಎಂಬುದನ್ನು ಅವರು ಒಪ್ಪಿಕೊಳ್ಳುವ ಈ ಭಾಗ, ಧಾರಾವಾಹಿಯ ಶಿಖರ. ಇಲ್ಲಿಯ ಅಳು ಸುಂದರವಾಗಿಲ್ಲ, ಮೂಗು ಸೋರುತ್ತದೆ, ಮಾತು ತಡವರಿಸುತ್ತದೆ.

ಆ ಬಾಣಬಿರುಸಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಅದು ಕತೆಗಾಗಿ ಹುಟ್ಟಿಸಿದ್ದಲ್ಲ. ಚಿಚಿಬುವಿನ ಯೋಶಿದಾ ಎಂಬಲ್ಲಿ ಮುಕು ದೇಗುಲದ ಅಕ್ಟೋಬರ್ ತಿಂಗಳ ಉತ್ಸವದಲ್ಲಿ ರೈತರೇ ಕಟ್ಟಿ ಹಾರಿಸುವ ‘ರ್‍ಯೂಸೆ’ ಅದು. ಮರದ ಕೊಳವೆಗೆ ಕರಿಮದ್ದು ತುಂಬಿ, ಉದ್ದನೆಯ ಬಿದಿರನ್ನು ಬಾಲವಾಗಿ ಕಟ್ಟಿ, ಎತ್ತರದ ಅಟ್ಟದಿಂದ ದೇವರಿಗೆ ಸಲ್ಲಿಸುವ ಈ ರಾಕೆಟು ಸುಮಾರು 300 ಮೀಟರಿಗೆ ಏರುತ್ತದೆ. ಕುಂಬಳೆ ಜಾತ್ರೆಯ ಸುಡುಮದ್ದಾದ ಬೆಡಿಗೆ ಚಿಕ್ಕಂದಿನಲ್ಲಿ ಹಿರಿಯರ ಹೆಗಲೇರಿ ಹೋದವರಿಗೆ ಮದ್ದಿನ ಹೊಗೆಗೂ ಹರಕೆಗೂ ಇರುವ ನಂಟನ್ನು ವಿವರಿಸಬೇಕಾಗಿಲ್ಲ. ಜಿಂತಾ ಹಗಲು ಅಂಗಡಿಯಲ್ಲಿಯೂ ರಾತ್ರಿ ರಸ್ತೆ ಕಾಮಗಾರಿಯಲ್ಲಿಯೂ ದುಡಿದು ಅದರ ಖರ್ಚು ಹೊಂದಿಸುತ್ತಾನೆ. ಮಾತಿನಲ್ಲಿ ಕೇಳಲಾಗದ ಕ್ಷಮೆಯನ್ನು ಮೈಬೆವರಿನಲ್ಲಿ ತೀರಿಸುವ ಆ ದಿನಗಳು ಅಬ್ಬರವಿಲ್ಲದ ಒಳ್ಳೆಯ ಬರವಣಿಗೆ.

ಇಷ್ಟೆಲ್ಲ ಆದ ಮೇಲೆ ನನ್ನ ತಕರಾರು ಶುರುವಾಗುವುದು ಮೆನ್ಮಾಳ ತಾಯಿಯಿಂದ. ಮೆನ್ಮಾಳ ದಿನಚರಿಯನ್ನು ಪಡೆಯಲು ಮಕ್ಕಳು ಅವಳ ಮನೆಗೆ ಹೋದಾಗ ಮೊದಲು ಆಕೆ ನಗುಮುಖದಿಂದಲೇ ಕರೆದು ಕೂರಿಸುತ್ತಾಳೆ. ಆಮೇಲೊಮ್ಮೆ ಆ ನಗು ಕಳಚಿ, ತನ್ನ ಮಗಳು ಮಾತ್ರ ಬೆಳೆಯದೆ ಉಳಿದಳು, ನೀವೆಲ್ಲ ಬೆಳೆದಿರಿ, ಈಗ ಅವಳ ಹೆಸರು ಹೇಳಿಕೊಂಡು ಮೋಜು ಮಾಡುತ್ತಿದ್ದೀರಿ ಎಂಬ ಅರ್ಥದಲ್ಲಿ ಸಿಡಿಯುತ್ತಾಳೆ. ಇಡೀ ಧಾರಾವಾಹಿಯಲ್ಲಿ ಈ ಗುಂಪಿಗೆ ಯಾರಾದರೂ ಹೇಳಬೇಕಾಗಿದ್ದ ಮಾತು ಇದೇ. ಹೇಳಿದವಳು ಹೆತ್ತ ತಾಯಿ. ಮನೆಯಲ್ಲಿ ಇನ್ನೊಬ್ಬ ಮಗನಿದ್ದಾನೆ. ಸತ್ತ ಅಕ್ಕನ ನೆರಳಿನಲ್ಲಿ ಅವನು ಕಣ್ಣಿಗೇ ಬೀಳದವನಂತೆ ಬೆಳೆಯುತ್ತಿದ್ದಾನೆ. ಇಷ್ಟು ಸಾಮಗ್ರಿಯನ್ನು ಮುಂದಿಟ್ಟ ಕತೆ ಅದನ್ನು ಏನು ಮಾಡುತ್ತದೆ? ಮಕ್ಕಳು ತಂದೆಯ ಮುಂದೆ ನೆಲಕ್ಕೆ ಹಣೆ ಹಚ್ಚುತ್ತಾರೆ, ತಂದೆ ಮೆತ್ತಗಾಗುತ್ತಾನೆ, ಬಾಣಬಿರುಸಿಗೆ ಇದ್ದ ಅಡ್ಡಿ ನಿವಾರಣೆಯಾಗುತ್ತದೆ. ತಾಯಿಯ ಪ್ರಶ್ನೆಗೆ ಉತ್ತರ ಯಾರೂ ಕೊಡುವುದಿಲ್ಲ. ಕೊನೆಯ ಬೆಳಗಿನ ಬೀಳ್ಕೊಡುಗೆಗೆ ಗೆಳೆಯರು ಐವರೇ. ಮಗಳು ಕೆಲವೇ ಬೀದಿಗಳಾಚೆ ಓಡಾಡುತ್ತಿದ್ದರೂ ತಾಯಿಗೆ ಒಂದು ಚೀಟಿಯೂ ಬರುವುದಿಲ್ಲ. ಈ ಅನ್ಯಾಯ ಬರೆದವರ ಗಮನಕ್ಕೆ ಬಂದಂತಿಲ್ಲ; ಬಂದಿದ್ದರೆ ಅದನ್ನೇ ಒಂದು ಕಂತಾಗಿ ಮಾಡುವಷ್ಟು ಕಸುಬು ಅವರಲ್ಲಿತ್ತು.

ಎರಡನೆಯ ತಕರಾರು ಇದಕ್ಕಿಂತ ಆಳದ್ದು, ಅದಕ್ಕೆ ನಮ್ಮ ಊರ ಕಡೆಯ ಒಂದು ಆಚರಣೆಯನ್ನು ನೆನೆಯಬೇಕು. ತುಳುನಾಡಿನಲ್ಲಿಯೂ ಅದರ ಭಾಗವೇ ಆಗಿರುವ ಕಾಸರಗೋಡಿನ ಉತ್ತರದ ಗ್ರಾಮಗಳಲ್ಲಿಯೂ ಪ್ರೇತ ಮದುವೆ ಎಂಬುದಿದೆ. ತುಳುವಿನಲ್ಲಿ ಅದು ಕುಲೆ ಮದಿಮೆ. ಚಿಕ್ಕಂದಿನಲ್ಲಿ ತೀರಿಹೋದ ಮಗುವಿಗೆ, ಬದುಕಿದ್ದರೆ ಮದುವೆಯ ವಯಸ್ಸು ಬರುತ್ತಿದ್ದ ಕಾಲಕ್ಕೆ, ಅದೇ ರೀತಿ ತೀರಿಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಬರಿ (ಗೋತ್ರದಂಥ ವಂಶ) ನೋಡಿ, ಮಾತುಕತೆ ನಡೆಸಿ, ಸೀರೆ ಪಂಚೆ ಇಟ್ಟು ಮದುವೆ ಮಾಡುತ್ತಾರೆ. ಊಟವೂ ಇರುತ್ತದೆ. 2024ರಲ್ಲಿ ಪುತ್ತೂರು ಕಡೆಯ ಕುಟುಂಬವೊಂದು 30 ವರ್ಷಗಳ ಹಿಂದೆ ತೀರಿಹೋದ ಹೆಣ್ಣುಮಗುವಿಗಾಗಿ, ಅಷ್ಟೇ ವರ್ಷಗಳ ಹಿಂದೆ ತೀರಿಹೋದ ಗಂಡನ್ನು ಹುಡುಕಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶದಾದ್ಯಂತ ಸುದ್ದಿಯಾಯಿತು. ದೂರದವರಿಗೆ ಅದು ವಿಚಿತ್ರ ಸಂಗತಿ. ಇಲ್ಲಿಯವರಲ್ಲಿ ಎಷ್ಟೋ ಮಂದಿಗೆ ತಮ್ಮ ಮನೆಯಲ್ಲೋ ನೆರೆಮನೆಯಲ್ಲೋ ನಡೆದದ್ದು. ನಾನು ಇದರ ನಂಬಿಕೆಯ ಪರವಾಗಿ ವಾದಿಸುತ್ತಿಲ್ಲ. ಬದುಕಿರುವ ಮಕ್ಕಳ ಮದುವೆ ಕೂಡಿಬಾರದಿದ್ದಾಗ ಜ್ಯೋತಿಷಿಯಲ್ಲಿ ಪ್ರಶ್ನೆ ಇರಿಸಿ, ಸತ್ತ ಮಗು ತಡೆಯುತ್ತಿದೆ ಎಂದು ಕಂಡುಬಂದ ಮೇಲೆಯೇ ಹೆಚ್ಚಾಗಿ ಇದು ನಡೆಯುವುದರಿಂದ, ಇಲ್ಲಿಯೂ ಬದುಕಿದವರ ಸ್ವಾರ್ಥ ಇದ್ದೇ ಇದೆ.

ಆದರೂ ಆ ಆಚರಣೆಯ ಒಳಗಿರುವ ಎರಡು ತಿಳಿವಳಿಕೆಗಳು ಈ ಧಾರಾವಾಹಿಗೆ ತಾಗುತ್ತವೆ. ಒಂದು, ಸತ್ತ ಮಗು ಸತ್ತ ವಯಸ್ಸಿನಲ್ಲಿ ನಿಲ್ಲುವುದಿಲ್ಲ, ಮನೆಯವರ ಲೆಕ್ಕದಲ್ಲಿ ವರ್ಷವರ್ಷವೂ ಬೆಳೆಯುತ್ತದೆ. ಇನ್ನೊಂದು, ಅದಕ್ಕೆ ಸಿಟ್ಟು ಬರುತ್ತದೆ, ತನ್ನ ಪಾಲಿಗೆ ಬರಬೇಕಾದುದನ್ನು ಅದು ಕೇಳುತ್ತದೆ. ಮೆನ್ಮಾ ಬೆಳೆದ ಮೈಯಲ್ಲಿ ಬಂದು ನಿಂತಾಗ ಮೊದಲನೆಯದನ್ನು ಒಕಾದಾ ಮುಟ್ಟಿದ್ದಾರೆ. ಬೆಳೆದ ಮೈಗೆ ತಕ್ಕ ಮನಸ್ಸನ್ನು ಕೊಟ್ಟಿದ್ದರೆ ಅವಳಿಗೆ ಹೇಳಲು ಬೇಕಾದಷ್ಟಿತ್ತು. ತನ್ನನ್ನು ಕುರೂಪಿ ಎಂದವನ ಮೇಲೆ, ನೋಡಿಯೂ ಬಾರದವನ ಮೇಲೆ, ತಾನಿಲ್ಲದೆ ಬೆಳೆದುಬಿಟ್ಟ ಐವರ ಮೇಲೆ ಒಂದು ಕ್ಷಣದ ಅಸೂಯೆಯಾದರೂ ಬರಬೇಡವೇ? ಬರುವುದಿಲ್ಲ. ಅವಳು ಹಬೆಯಲ್ಲಿ ಬೇಯಿಸಿದ ಬ್ರೆಡ್ ಮಾಡಿಕೊಡುತ್ತಾಳೆ, ಜಗಳವಾದಲ್ಲೆಲ್ಲ ಅಳುತ್ತಾಳೆ, ಎಲ್ಲರನ್ನೂ ಕ್ಷಮಿಸುತ್ತಾಳೆ. ಅನಾರುವಿಗೆ ಹೊಟ್ಟೆಕಿಚ್ಚು ಇದೆ, ಯುಕಿಅತ್ಸುವಿಗೆ ಹಟವಿದೆ, ಅವರಿಬ್ಬರೂ ಮನುಷ್ಯರು. ಮೆನ್ಮಾ ಮಾತ್ರ ಬಿಳಿಯ ಅಂಗಿಯ ಒಂದು ಸದ್ಗುಣ.

ಕೊನೆಗೆ ಬಯಲಾಗುವ ಆಸೆಯಾದರೂ ಏನು? ಜಿಂತಾನ ತಾಯಿ ಆಸ್ಪತ್ರೆಯಲ್ಲಿ ಸಾವಿಗೆ ಹತ್ತಿರವಾಗಿದ್ದಾಗ, ತನ್ನ ಮಗ ಅಳುವುದನ್ನೇ ನಿಲ್ಲಿಸಿದ್ದಾನೆಂದು ಮೆನ್ಮಾಳ ಬಳಿ ಹೇಳಿಕೊಂಡಿದ್ದಳು. ಅವನನ್ನು ಅಳಿಸುತ್ತೇನೆಂದು ಮೆನ್ಮಾ ಮಾತು ಕೊಟ್ಟಿದ್ದಳು. ಸತ್ತ ದಿನ ಮಕ್ಕಳನ್ನು ಅವಳು ಸೇರಿಸಿದ್ದೂ ಆ ಉಪಾಯಕ್ಕಾಗಿಯೇ. ರಚನೆಯ ದೃಷ್ಟಿಯಿಂದ ಇದು ಜಾಣತನದ ಗಂಟು, ಏಕೆಂದರೆ ಅವಳ ಸಾವು ಮತ್ತು ಜಿಂತಾನ ತಾಯಿಯ ಸಾವು ಒಂದೇ ದಾರದಲ್ಲಿ ಸೇರಿಕೊಳ್ಳುತ್ತವೆ. ಆದರೆ ಇದರ ಫಲವಾಗಿ, ಸತ್ತ ಹುಡುಗಿ ಮರಳಿ ಬಂದದ್ದು ಬದುಕಿರುವ ಹುಡುಗನ ಕಣ್ಣೀರಿನ ಚಿಕಿತ್ಸೆಗಾಗಿ ಎಂದಾಯಿತು. ಇಷ್ಟೇ ಆಗಿದ್ದರೆ ಕೊರತೆ ಎಂದು ಸುಮ್ಮನಾಗಬಹುದಿತ್ತು. ಅವಳು ಬರೆದಿಟ್ಟು ಹೋಗುವ ಚೀಟಿಗಳಲ್ಲಿ ಜಿಂತಾನಿಗೆಂದು ಬರೆದ ಮಾತಿನಲ್ಲಿ ಅವನ ಮದುಮಗಳಾಗಬೇಕೆಂಬ ಇಷ್ಟ ತನ್ನದು ಎಂದಿದೆ. ಅವಳ ಸ್ವಂತದ್ದು ಎಂದು ಹೇಳಬಹುದಾದ ಆಸೆ ಅಲ್ಲಿಯೇ, ಅವಳ ಕೈಬರಹದಲ್ಲಿಯೇ ಇದೆ! ಧಾರಾವಾಹಿ ಅದನ್ನು ಓದಿಸಿ, ಒಂದು ಸಿಹಿಯಾದ ಮಾತೆಂಬಂತೆ ದಾಟಿಹೋಗುತ್ತದೆ. ನೆರವೇರಿಸಬೇಕಾದ ಆಸೆಯೆಂದು ಹನ್ನೊಂದು ಕಂತುಗಳಲ್ಲಿ ಹುಡುಕಿದ್ದು ಬೇರೆಯದನ್ನು. ನಮ್ಮೂರಿನ ಮುದುಕಿಯೊಬ್ಬಳಿಗೆ ಈ ಕಥೆ ಹೇಳಿದರೆ ಮೊದಲ ಕಂತಿನಲ್ಲಿಯೇ ಪಂಚಾಂಗ ತರಿಸಿ, ಹುಡುಗಿಯ ಮನೆಗೆ ಜನ ಕಳಿಸುತ್ತಿದ್ದಳು.

ಈ ದಾಟಿಹೋಗುವಿಕೆಯನ್ನು ಪ್ರೇಕ್ಷಕರು ಗಮನಿಸದಿರುವುದಕ್ಕೆ ಹಾಡೂ ಒಂದು ಕಾರಣ. ಝೋನ್ ಎಂಬ ತಂಡ 2001ರಲ್ಲಿ ಹಾಡಿ ಜನಪ್ರಿಯಗೊಳಿಸಿದ್ದ, ಹತ್ತು ವರ್ಷಗಳ ಬಳಿಕ ಮತ್ತೆ ಸೇರುವ ಮಾತಿರುವ ಗೀತೆಯನ್ನು, ಸರಿಯಾಗಿ ಹತ್ತು ವರ್ಷ ಕಳೆದ ಮೇಲೆ ಮೆನ್ಮಾ, ಅನಾರು, ತ್ಸುರುಕೊ ಪಾತ್ರಗಳಿಗೆ ಕಂಠ ಕೊಟ್ಟ ಮೂವರು ಕಲಾವಿದೆಯರಿಂದಲೇ ಹಾಡಿಸಿದ್ದಾರೆ. ಪ್ರತಿ ಕಂತಿನ ಕೊನೆಯ ಮಾತು ಮುಗಿಯುವ ಮೊದಲೇ ಅದರ ನಾದ ಒಳಗೆ ಜಾರಿಬರುತ್ತದೆ. ಎರಡು ಮೂರು ಕಂತುಗಳಲ್ಲಿ ನಮ್ಮ ಕಣ್ಣು ಆ ನಾದಕ್ಕೇ ಒದ್ದೆಯಾಗಲು ಕಲಿತುಬಿಡುತ್ತದೆ. ತೆಂಕುತಿಟ್ಟು ಯಕ್ಷಗಾನದ ಒಳ್ಳೆಯ ಭಾಗವತರು ಕರುಣ ರಸದ ಪದ್ಯಕ್ಕೆ ಚೆಂಡೆಯನ್ನು ನಿಲ್ಲಿಸಿ ಬರಿಯ ಮದ್ದಳೆಯಲ್ಲಿ ಸಾಗಿಸುವುದನ್ನು ಕೇಳಿ ಬೆಳೆದ ಕಿವಿಗೆ, ಕೊನೆಯ ಕಂತಿನಲ್ಲಿ ಐವರೂ ಒಂದೇ ಎತ್ತರದ ಸ್ವರದಲ್ಲಿ ಕೂಗುತ್ತಿರುವಾಗ ಅದರ ಮೇಲೆ ಹಾಡನ್ನೂ ಹೇರಿದ್ದು ಅತಿಯೆನಿಸಿತು. ಕಣ್ಣಾಮುಚ್ಚಾಲೆಯ ಆಟವಾಗಿ ಬೀಳ್ಕೊಡುವ ಕಲ್ಪನೆ ತನ್ನಷ್ಟಕ್ಕೇ ಸಾಕಾಗಿತ್ತು.

ಚಿಲ್ಲರೆ ದೋಷಗಳೂ ಇವೆ. ಬ್ರೆಡ್ ಬೇಯಿಸಬಲ್ಲ, ಬಾಗಿಲು ತೆರೆಯಬಲ್ಲ ಮೆನ್ಮಾ ಮೊದಲ ದಿನವೇ ಒಂದು ಕಾಗದದಲ್ಲಿ ನಾಲ್ಕು ಅಕ್ಷರ ಬರೆದಿದ್ದರೆ ಯಾರೂ ಜಿಂತಾನನ್ನು ಹುಚ್ಚನೆಂದು ತಿಳಿಯುತ್ತಿರಲಿಲ್ಲ. ಕತೆಗೆ ಬೇಕಾದಾಗ ಮಾತ್ರ ಅವಳಿಗೆ ಬರವಣಿಗೆ ನೆನಪಾಗುತ್ತದೆ. ಅನಾರುವಿನ ಮೈಯನ್ನು ಕ್ಯಾಮೆರಾ ನೋಡುವ ಬಗೆ ತಡರಾತ್ರಿಯ ವ್ಯಾಪಾರಕ್ಕೆ ಬೇಕಾದದ್ದು, ಕತೆಗೆ ಬೇಡವಾದದ್ದು.

2013ರ ಆಗಸ್ಟ್‌ನಲ್ಲಿ ಇದರ ಚಲನಚಿತ್ರ ಬಂತು. ಒಂದು ವರ್ಷದ ಬಳಿಕ ಐವರೂ ಮೆನ್ಮಾಳಿಗೆ ಪತ್ರ ಬರೆದು ಮತ್ತೆ ಗುಡಿಸಲಿನಲ್ಲಿ ಸೇರುವುದು ಅದರ ಚೌಕಟ್ಟು. ಒಳಗಿರುವುದು ಬಹುಪಾಲು ಹಳೆಯ ದೃಶ್ಯಗಳೇ. ತಾಯಿಯ ಬಾಗಿಲಿಗೆ ಹಿಂದಿರುಗಲು, ಆ ತಮ್ಮನ ಮಾತನ್ನು ಕೇಳಲು ಸಿಕ್ಕಿದ್ದ ಅವಕಾಶವನ್ನು ಅದೂ ಕೈಬಿಟ್ಟಿದೆ. ಧಾರಾವಾಹಿಯನ್ನು ನೋಡಿದವರು ಚಲನಚಿತ್ರವನ್ನು ಬಿಟ್ಟರೆ ನಷ್ಟವಿಲ್ಲ. ಎರಡನ್ನೂ ನೋಡದವರು ಧಾರಾವಾಹಿಯನ್ನು ನೋಡಿ, ದೇಗುಲದ ಅಂಗಳದ ಆ ರಾತ್ರಿ ಮುಗಿದಲ್ಲಿ ಒಮ್ಮೆ ನಿಲ್ಲಿಸಿ, ಮೆನ್ಮಾಳ ಪರವಾಗಿ ಅಲ್ಲಿಯವರೆಗೆ ಯಾರಾದರೂ ಮಾತನಾಡಿದ್ದಾರೆಯೇ ಎಂದು ಯೋಚಿಸಿ ಮುಂದುವರಿಯಲಿ.